ಡೈರಿ ಚೀಟಿ ಹಿಡಿದು ಪ್ರೋಗ್ರಾಮಿಂಗ್ ಪಾಠ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕೋಲಾರ ಜಿಲ್ಲೆಯ ಯಾವುದಾದರೂ ಹಳ್ಳಿಗೆ ಹೋಗಿ, ಎಂಟನೇ ಕ್ಲಾಸಿನ ಹುಡುಗಿಯೊಬ್ಬಳನ್ನು ನಿಲ್ಲಿಸಿ, ನಿಮ್ಮ ಮನೆ ಹಾಲಿಗೆ ಫ್ಯಾಟ್ ಎಷ್ಟು ಬರುತ್ತದಮ್ಮ ಅಂತ ಕೇಳಿ. ಥಟ್ ಅಂತ ಹೇಳುತ್ತಾಳೆ. ಯಾಕಂದ್ರೆ ಬೆಳಿಗ್ಗೆ ಎದ್ದು ಕ್ಯಾನ್ ಹಿಡಿದು ಡೈರಿಗೆ ಹೋಗುವವಳು ಅವಳೇ, ಚೀಟಿ ತಂದು ಅಮ್ಮನಿಗೆ ಓದಿ ಹೇಳುವವಳೂ ಅವಳೇ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಮಿಕ್ಕ ಗಟ್ಟಿ ಅಂಶ) ಎಷ್ಟು, ದುಡ್ಡೆಷ್ಟು, ಎಲ್ಲಾ ಬಾಯಲ್ಲೇ ಇರುತ್ತದೆ. ಅದೇ ಹುಡುಗಿಗೆ ಶಾಲೆಯಲ್ಲಿ ಕಂಪ್ಯೂಟರ್ ಪೀರಿಯಡ್ ಬಂದರೆ ನಾವು ಕೊಡುವುದೇನು? ಫ್ಯಾಕ್ಟೋರಿಯಲ್, ಅಂದರೆ ಒಂದರಿಂದ ಒಂದು ಸಂಖ್ಯೆಯವರೆಗೆ ಎಲ್ಲವನ್ನೂ ಗುಣಿಸಿದರೆ ಬರುವ ಉತ್ತರ, ಕಂಡುಹಿಡಿಯುವ ಪ್ರೋಗ್ರಾಂ. ಬೋರ್ಡು ನೋಡಿ ಇಳಿಸಿಕೋ, ಟೈಪ್ ಮಾಡು, 5040 ಬಂತಾ, ಸರಿ, ರೆಕಾರ್ಡ್ ಬುಕ್ಕಿಗೆ ಬರಿ. ಏಳರ ಫ್ಯಾಕ್ಟೋರಿಯಲ್ 5040 ಹೌದು, ಒಪ್ಪೋಣ. ಆದರೆ ಪರದೆ ಮೇಲೆ 5400 ಅಂತ ಬಂದಿದ್ದರೂ ಅವಳು ಅದನ್ನೇ ಬರೆದುಕೊಳ್ಳುತ್ತಿದ್ದಳು, ಅಲ್ವಾ?

ನನ್ನ ತಕರಾರು ಇರುವುದು ಇಲ್ಲೇ. ಉತ್ತರ ತಪ್ಪಾದರೆ ಮಗುವಿಗೇ ಗೊತ್ತಾಗಬೇಕು. ಅಂಥ ಲೆಕ್ಕ ಹುಡುಕಿ ಕೊಟ್ಟರೆ ಅರ್ಧ ಪಾಠ ಆದ ಹಾಗೆ. ಇಲ್ಲದಿದ್ದರೆ ಮಷೀನು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದನ್ನು ಕಲಿಸುತ್ತೇವೆ ಅಷ್ಟೇ.

ಡೈರಿ ಲೆಕ್ಕವನ್ನೇ ತೆಗೆದುಕೊಳ್ಳಿ. ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇದ್ದರೆ ಪೂರ್ತಿ ರೇಟು, ಲೀಟರಿಗೆ 35 ರೂಪಾಯಿ ಅಂತಿಟ್ಟುಕೊಳ್ಳಿ. ಈ 35 ಸುಮ್ನೆ ಪಾಠಕ್ಕೆ ಹೇಳಿದ್ದು, ಡೈರಿಯವರು ಜಗಳಕ್ಕೆ ಬರಬೇಡಿ. ಆರು ಲೀಟರಿಗೆ 210 ರೂಪಾಯಿ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದು ಮೂರು ಸಾಲಿನ ಕೆಲಸ. ಈಗ ಮೇಷ್ಟ್ರು ಬೇಕಂತಲೇ ಒಂದು ತರಲೆ ಮಾಡಬೇಕು. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನವನ್ನೂ ಅದೇ ಮೊತ್ತಕ್ಕೆ ಸೇರಿಸಿ, 240 ಬಂತು ನೋಡಿ ಮಕ್ಕಳೇ, ಅನ್ನಬೇಕು. ಹಿಂದಿನ ಬೆಂಚಿನಿಂದ ಕೂಗು ಬಂದೇ ಬರುತ್ತದೆ: 'ಸಾರ್, ಅದು ಚೀಟಿಗೆ ಬರಲ್ಲ, ಬ್ಯಾಂಕಿಗೆ ಬರುತ್ತೆ, ಅದೂ ಯಾವಾಗಲೋ!'

ಇನ್ನೂ ಚೆನ್ನಾಗಿರುವುದು ಇಫ್ ಪಾಠ, ಅಂದರೆ 'ಹೀಗಿದ್ದರೆ ಮಾತ್ರ ಹಾಗೆ ಮಾಡು' ಅನ್ನುವ ಷರತ್ತು. ಫ್ಯಾಟ್ 3.5 ಇರಬೇಕು, ಆಂಡ್, ಎಸ್‌ಎನ್‌ಎಫ್ 8.5 ಇರಬೇಕು. ಈ ಆಂಡ್ ತೆಗೆದು ಆರ್ ಅಂತ, ಅಂದರೆ ಎರಡರಲ್ಲಿ ಒಂದಿದ್ದರೂ ಸಾಕು ಅಂತ, ಹಾಕಿಬಿಡಿ. ಏನಾಗುತ್ತದೆ ಅಂತ ಓಡಿಸುವ ಮುಂಚೆಯೇ ಮಕ್ಕಳು ಹೇಳಲಿ. ಎಮ್ಮೆ ಹಾಲಿನಲ್ಲಿ ಫ್ಯಾಟ್ ಜಾಸ್ತಿ. ಅದಕ್ಕೆ ಅರ್ಧ ಚೊಂಬು ನೀರು ಸುರಿದರೂ ಫ್ಯಾಟ್ 3.5 ದಾಟಬಹುದು, ಎಸ್‌ಎನ್‌ಎಫ್ ಮಾತ್ರ ಕುಸಿದಿರುತ್ತದೆ. ಆರ್ ಹಾಕಿದ ಪ್ರೋಗ್ರಾಂ ಅದನ್ನು ಪಾಸ್ ಮಾಡಿ ಪೂರ್ತಿ ದುಡ್ಡು ಕೊಡುತ್ತದೆ. ಕ್ಲಾಸೆಲ್ಲ ನಗುತ್ತದೆ. ಯಾರ ಮನೆಯವರು ನೀರು ಹಾಕುತ್ತಾರೆ ಅನ್ನುವ ಚರ್ಚೆಯೂ ಶುರುವಾಗುತ್ತದೆ, ಅದನ್ನು ಬೇಗ ನಿಲ್ಲಿಸಿ. ಆದರೆ ಆಂಡ್‌ಗೂ ಆರ್‌ಗೂ ಇರುವ ವ್ಯತ್ಯಾಸವನ್ನು ಆ ಮಕ್ಕಳು ಮರೆಯುವುದಿಲ್ಲ.

ಇದು ನಾನು ಹೊಸದಾಗಿ ಕಂಡುಹಿಡಿದ ಮಾತೇನೂ ಅಲ್ಲ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಮತ್ತವರ ಜೊತೆಯವರು ಮಕ್ಕಳಿಗಾಗಿ ಲೋಗೋ ಅನ್ನುವ ಭಾಷೆ ಮಾಡಿದರು. ಆಮೇಲೆ ಅದಕ್ಕೊಂದು ಆಮೆ ಬಂತು. ಇಷ್ಟು ಹೆಜ್ಜೆ ಮುಂದೆ ಹೋಗು, ಬಲಕ್ಕೆ 90 ಡಿಗ್ರಿ ತಿರುಗು ಅಂದರೆ ಆಮೆ ಹೋಗುತ್ತಾ ಗೆರೆ ಎಳೆಯುತ್ತದೆ. ಚೌಕ ಕೂಡಿಕೊಳ್ಳಲಿಲ್ಲವಾ, ಮಗು ತಾನೇ ಎದ್ದು ಆಮೆಯ ಹಾಗೆ ನಡೆದು ನೋಡುತ್ತದೆ, ಎಲ್ಲಿ ತಪ್ಪಿದೆ ಅಂತ ಕಾಲಿಗೇ ಗೊತ್ತಾಗುತ್ತದೆ. ಅಲ್ಲಿ ಆಮೆ, ಇಲ್ಲಿ ಎಮ್ಮೆ.

ಕಂಪ್ಯೂಟರೇ ಇಲ್ಲ ಸ್ವಾಮಿ, ಇದ್ದರೂ ಲ್ಯಾಬಿಗೆ ಬೀಗ, ಬೀಗ ತೆಗೆದರೆ ಯುಪಿಎಸ್ ಬ್ಯಾಟರಿ ಸತ್ತಿದೆ ಅನ್ನುವವರು ಬಹಳ ಜನ. ನಿಜ. 1984ರಲ್ಲೇ ಕೇಂದ್ರ ಸರ್ಕಾರ 'ಕ್ಲಾಸ್' ಅನ್ನುವ ಯೋಜನೆಯಲ್ಲಿ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಶಾಲೆಗಳಿಗೆ ಕೊಡಲು ಶುರು ಮಾಡಿತ್ತು. 2020ರ ಶಿಕ್ಷಣ ನೀತಿ ಮಿಡ್ಲ್ ಸ್ಕೂಲಿನಿಂದಲೇ ಕೋಡಿಂಗ್ ಇರಲಿ ಅಂದಿತು. ಡಬ್ಬಿಗಳು ಬರುತ್ತಲೇ ಇವೆ. ಡಬ್ಬಿ ಬರುವತನಕ ಕೈಕಟ್ಟಿ ಕೂರಬೇಕಾಗಿಲ್ಲ. 2006ರಲ್ಲಿ ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪ್ಯಾಟ್ರಿಷಿಯಾ ಹೇಡನ್ ಅನ್ನುವವರು ಒಂದು ಸುಲಭದ ಉಪಾಯ ಬರೆದರು. ಸರಿಯಾದ ಪ್ರೋಗ್ರಾಮಿನ ಸಾಲುಗಳನ್ನು ಕಲಸಿ ಕೊಡುವುದು, ಮಕ್ಕಳು ಅವನ್ನು ಸರಿಯಾಗಿ ಜೋಡಿಸುವುದು. ಅವರು ಕಂಪ್ಯೂಟರಿನಲ್ಲಿ ಮಾಡಿದ್ದನ್ನು ನಾವು ಕಾಗದದ ಚೂರುಗಳಲ್ಲಿ ಮಾಡಬಹುದು. ಡೈರಿ ಪ್ರೋಗ್ರಾಮನ್ನೇ ಸಾಲು ಸಾಲಾಗಿ ಕತ್ತರಿಸಿ, ಜೊತೆಗೆ ಬೇಡದ ಒಂದೆರಡು ಸಾಲು ಸೇರಿಸಿ, ನೆಲದ ಮೇಲೆ ಹರಡಿ. ಫ್ಯಾಟ್ ಎಷ್ಟು ಅಂತ ಓದುವ ಮೊದಲೇ ದುಡ್ಡು ಲೆಕ್ಕ ಹಾಕಿದ ಗುಂಪನ್ನು ಪಕ್ಕದ ಗುಂಪೇ ಹಿಡಿದು ಆಡಿಕೊಳ್ಳುತ್ತದೆ. ನ್ಯೂಜಿಲೆಂಡಿನಲ್ಲೂ ಹಸುಗಳು ಜಾಸ್ತಿ, ಅವರಿಗೂ ಈ ಲೆಕ್ಕ ಹಿಡಿಸೀತು.

ಇಂಗ್ಲಿಷ್ ಬರಲ್ಲ ಅನ್ನುವುದು ಇನ್ನೊಂದು ಹೆದರಿಕೆ. ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎರಡನ್ನೂ ಸಲೀಸಾಗಿ ಮಾತಾಡುವವರು ಪೈಥಾನಿಗೆ ಹೆದರುವುದು ಯಾಕೆ? ಅದರಲ್ಲಿ ಕಡ್ಡಾಯದ ಪದಗಳು ಇರುವುದೇ 35, ನಮ್ಮ ವರ್ಣಮಾಲೆಯ 49 ಅಕ್ಷರಕ್ಕಿಂತ ಕಡಿಮೆ, ಶುರುವಿನಲ್ಲಿ ಬೇಕಾಗುವುದು ಏಳೆಂಟು. ಮಿಕ್ಕ ಹೆಸರೆಲ್ಲ ನಮ್ಮದೇ. 2008ರಲ್ಲಿ ಬಂದ ಪೈಥಾನ್ 3ರಿಂದ ವೇರಿಯಬಲ್ಲಿಗೆ, ಅಂದರೆ ಲೆಕ್ಕದ ಅಂಕಿಯನ್ನು ಹಿಡಿದಿಡುವ ಜಾಗಕ್ಕೆ, ಕನ್ನಡ ಅಕ್ಷರದಲ್ಲೇ ಹಾಲು, ದರ, ಮೊತ್ತ ಅಂತ ಹೆಸರಿಡಬಹುದು, ನಡೆಯುತ್ತದೆ. ಒಂದು ತಮಾಷೆಯನ್ನೂ ತೋರಿಸಿ. 'ಕೋಲಾರ'ದಲ್ಲಿ ಎಷ್ಟು ಅಕ್ಷರ ಅಂತ ಪೈಥಾನಿಗೆ ಕೇಳಿದರೆ 5 ಅನ್ನುತ್ತದೆ. ಒಂದನೇ ಕ್ಲಾಸಿನ ಮಗು ಮೂರು ಅನ್ನುತ್ತದೆ. ಕಂಪ್ಯೂಟರು 'ಕ' ಬೇರೆ, ಅದರ ಓಕಾರದ ಚಿಹ್ನೆ ಬೇರೆ, 'ಲ' ಬೇರೆ, ಅದರ ದೀರ್ಘ ಬೇರೆ, ಕೊನೆಗೆ 'ರ', ಹೀಗೆ ಎಣಿಸುತ್ತದೆ. ತನ್ನ ಪ್ರಕಾರ ಅದೂ ಸರಿ. ಅದಕ್ಕೆ ಎಣಿಸು ಅಂದರೆ ಏನನ್ನು ಎಣಿಸಬೇಕು ಅಂತಲೂ ನಾವೇ ಹೇಳಬೇಕು ಅನ್ನುವುದು ಆಗ ಮಕ್ಕಳಿಗೆ ಹೊಳೆಯುತ್ತದೆ.

ನಿಜವಾದ ಕಾಟ ಕೊಡುವುದು ಮೊಬೈಲು. ಮನೆಯಲ್ಲಿ ಇರುವುದು ಅದೊಂದೇ, ಅದರಲ್ಲೂ ಪೈಥಾನ್ ಓಡುತ್ತದೆ, ಸಂತೋಷ. ಆದರೆ ಫೋನಿನ ಕೀಬೋರ್ಡು ಸಾಲಿನ ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡದು ಮಾಡಿಬಿಡುತ್ತದೆ. ಮಗು ಪ್ರಿಂಟ್ ಅಂತ ಸರಿಯಾಗಿಯೇ ಒತ್ತಿರುತ್ತದೆ, ಪರದೆ ಮೇಲೆ ದೊಡ್ಡ ಪಿ ಕೂತಿರುತ್ತದೆ, ಪೈಥಾನಿಗೆ ದೊಡ್ಡ ಅಕ್ಷರ ಬೇರೆ, ಚಿಕ್ಕದು ಬೇರೆ, ಓಡಿಸಿದರೆ ಕೆಂಪಕ್ಷರದಲ್ಲಿ ನೇಮ್ ಎರರ್, ಅಂದರೆ ಈ ಹೆಸರು ನನಗೆ ಗೊತ್ತಿಲ್ಲ ಅಂತ. ಮಗು ಅಳುಮುಖ ಮಾಡಿಕೊಂಡು ಫೋನು ಬಿಸಾಡುತ್ತದೆ. ಎರರ್ ಬಂದಾಗ ಮೇಲಿನಿಂದ ಓದಬೇಡಿ, ಕೊನೆಯ ಸಾಲು ಮೊದಲು ಓದಿ. 2021ರ ನಂತರದ ಪೈಥಾನ್ ಆದರೆ, ಚಿಕ್ಕ ಪಿಯ ಪ್ರಿಂಟ್ ಅಂತ ಹೇಳೋಕೆ ಹೋಗಿದ್ದಾ ಅಂತ ಕೇಳುತ್ತದೆ ಕೂಡ. ಫೋನಿನ ಸೆಟ್ಟಿಂಗಿಗೆ ಹೋಗಿ ಆ ಆಟೋ ಕ್ಯಾಪಿಟಲ್ ಅನ್ನುವುದನ್ನು ಆಫ್ ಮಾಡಿಕೊಟ್ಟರೆ ಎಷ್ಟೋ ಕಣ್ಣೀರು ಉಳಿಯುತ್ತದೆ.

ರೇಡಿಯೋದಲ್ಲಿ ಕೂತು ಪ್ರೋಗ್ರಾಂ ವಿಚಾರ ಹೇಳುತ್ತಿದ್ದೀರಲ್ಲ, ಕಣ್ಣಿಗೆ ಕಾಣಬೇಡವಾ ಅಂತ ನೀವು ಕೇಳಬಹುದು. ನೆದರ್ಲೆಂಡಿನಲ್ಲಿ 1980ರ ದಶಕದ ಶುರುವಿನಲ್ಲಿ ಪ್ರೋಗ್ರಾಮುಗಳನ್ನೇ ರೇಡಿಯೋದಲ್ಲಿ ಬಿತ್ತರಿಸುತ್ತಿದ್ದರು ಗೊತ್ತಾ? ಬೇಸಿಕೋಡ್ ಅಂತ ಹೆಸರು. ಕೇಳುಗರು ಆ ಕಿರ್ ಕಿರ್ ಸದ್ದನ್ನು ಕ್ಯಾಸೆಟ್ಟಿಗೆ ಹಿಡಿದು, ಆಮೇಲೆ ಮನೆಯ ಕಂಪ್ಯೂಟರಿಗೆ ಊಡಿಸುತ್ತಿದ್ದರು. ನಾನು ಅಷ್ಟು ದೂರ ಹೋಗುವುದಿಲ್ಲ, ಭಯಪಡಬೇಡಿ.

ಕೊನೆಯದಾಗಿ, ಈಗ ಎಲ್ಲರ ಬಾಯಲ್ಲಿರುವ ಎಐ ವಿಚಾರ. ಕೇಳಿದರೆ ಅದೇ ಪ್ರೋಗ್ರಾಂ ಬರೆದುಕೊಡುತ್ತದೆ, ಇನ್ನು ಮಕ್ಕಳು ಯಾಕೆ ಕಲಿಯಬೇಕು ಅನ್ನುತ್ತಾರೆ. ಒಂದು ಪರೀಕ್ಷೆ ಮಾಡೋಣ. ಟೊಮೆಟೊ ಮಾರಿದ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಕೊಡು ಅಂತ ಮಕ್ಕಳ ಕೈಯಲ್ಲೇ ಕೇಳಿಸಿ. ಬಹುಶಃ ಕಿಲೋ ಇಂಟು ರೇಟು ಅಂತ ಚೆಂದವಾಗಿ ಬರೆದುಕೊಡುತ್ತದೆ. ಕೋಲಾರದ ಎಪಿಎಂಸಿಯಲ್ಲಿ ಹರಾಜು ಕೂಗುವುದು ಬಾಕ್ಸಿನ ಲೆಕ್ಕದಲ್ಲಿ, ಬಾಕ್ಸಿಗೆ ಹದಿನೈದು ಕಿಲೋ ಅಂದಾಜು. ಒಂದೇ ತೋಟದ ಹಣ್ಣಿಗೂ ಸೈಜು ನೋಡಿ ಬೇರೆ ಬೇರೆ ರೇಟು. 2023ರ ಜುಲೈಯಲ್ಲಿ ಬಾಕ್ಸು 2,000 ರೂಪಾಯಿ ದಾಟಿದ್ದೂ ಇದೇ ಮಾರ್ಕೆಟ್ಟಿನಲ್ಲಿ, ರೇಟು ಬಿದ್ದಾಗ ಗಾಡಿ ಬಾಡಿಗೆಯೂ ಹುಟ್ಟದೆ ರಸ್ತೆಗೆ ಸುರಿಯುವುದನ್ನೂ ನೋಡಿದ್ದೇವೆ. ಅಂಥ ದಿನ ಉತ್ತರ ಮೈನಸ್‌ನಲ್ಲಿ ಬರಬೇಕು. ಎಐ ಕೊಟ್ಟ ಪ್ರೋಗ್ರಾಂ ಮೈನಸ್ ತೋರಿಸುತ್ತದಾ? ಮನೆಯಲ್ಲಿರುವ ಹಳೆಯ ಮಂಡಿ ಬಿಲ್ಲು ಪಕ್ಕಕ್ಕಿಟ್ಟುಕೊಂಡು ಮಕ್ಕಳೇ ತಾಳೆ ನೋಡಲಿ, ತಪ್ಪು ಸಿಕ್ಕ ಸಾಲಿಗೆ ಗುರುತು ಹಾಕಲಿ. ಬಿಲ್ಲು ಸಿಗದಿದ್ದರೆ ಅಪ್ಪನನ್ನು ಕೇಳಿದರೆ ಸಾಕು, ರೇಟು ಬಿದ್ದ ದಿನದ ಲೆಕ್ಕ ಅವರಿಗೆ ಪೈಸೆ ಸಮೇತ ನೆನಪಿರುತ್ತದೆ.

ನಮಸ್ಕಾರ.