ಸಾಂತಾ ಫೆಯಲ್ಲಿ ಕಥೆ ಹೇಳುವ ತಾತ, ಮತ್ತು 40 ಡಾಲರ್‌ನ ಸುಳ್ಳು

ಇದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂತಾ ಫೆ. ಉದ್ದನೆಯ ಜಗಲಿ ಕಾಣ್ತಿದೆ ಅಲ್ವಾ, ಅದು ಹಳೇ ಗವರ್ನರ್ ಅರಮನೆಯದು. ಬಟ್ಟೆ ಹಾಸಿ ಕೂತವರೆಲ್ಲ ಇಲ್ಲಿನ ಮೂಲನಿವಾಸಿ ಕಲಾವಿದರು. ತಾವು ಅಥವಾ ತಮ್ಮ ಮನೆಯವರು ಮಾಡಿದ್ದನ್ನು ಮಾತ್ರ ಇಲ್ಲಿ ಮಾರಬಹುದು.

ಈ ಮಣ್ಣಿನ ಗೊಂಬೆ ನೋಡಿ. ತಾತ ಕೂತಿದ್ದಾರೆ, ಮೈಮೇಲೆಲ್ಲ ಮಕ್ಕಳು. ಒಂದು ಮಗು ಭುಜ ಹತ್ತಿದೆ, ಇನ್ನೊಂದು ತೋಳಿಗೆ ಜೋತುಬಿದ್ದಿದೆ. ತಾತನ ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ಯೋಚನೆ ಮಾಡುತ್ತಾ ಹಾಡುತ್ತಿದ್ದಾರೆ. ಇದನ್ನು ಮೊದಲು ಮಾಡಿದವರು ಕೊಚಿಟಿ ಪ್ಯೂಬ್ಲೋ ಎಂಬ ಮೂಲನಿವಾಸಿಗಳ ಊರಿನ ಹೆಲೆನ್ ಕೊರ್ಡೆರೊ, 1964ರಲ್ಲಿ. ಅಲೆಕ್ಸಾಂಡರ್ ಜಿರಾರ್ಡ್ ಎಂಬ ಡಿಸೈನರ್ ಅವರ ಗೊಂಬೆಗಳನ್ನು ಕೊಳ್ಳುತ್ತಿದ್ದರು. ಮಕ್ಕಳು ಜಾಸ್ತಿ ಇರುವ ದೊಡ್ಡ ಗೊಂಬೆ ಮಾಡಿಕೊಡಿ ಎಂದರು. ಆಗ ಹೆಲೆನ್ ಅವರಿಗೆ ನೆನಪಾದದ್ದು ತಮ್ಮ ತಾತ ಸಾಂಟಿಯಾಗೊ ಕ್ವಿಂಟಾನಾ. ಮೊಮ್ಮಕ್ಕಳಿಗೆಲ್ಲ ಕಥೆ ಹೇಳುತ್ತಿದ್ದವರು. ಆ ಮೊದಲ ಗೊಂಬೆಯಲ್ಲಿ 5 ಮಕ್ಕಳಿದ್ದವು.

ಈಗ ನನ್ನ ಹೊಟ್ಟೆ ಉರಿಸಿದ ವಿಷಯ. ಪಕ್ಕದ ಬೀದಿಯ ಅಂಗಡಿಯಲ್ಲಿ ಇಂಥದ್ದೇ ತಾತ, 40 ಡಾಲರ್. 'ಕೈಯಲ್ಲಿ ಮಾಡಿದ್ದು' ಅಂತ ಚೀಟಿ ಬೇರೆ. ಎತ್ತಿ ತಿರುಗಿಸಿದೆ. ಮಗುವಿನ ಕಂಕುಳಿಂದ ತಾತನ ಸೊಂಟದವರೆಗೆ ನೆಟ್ಟಗೆ ಒಂದು ಗೆರೆ. ಅಚ್ಚಿನ ಎರಡು ಹೋಳು ಕೂಡಿದ ಗುರುತು ಅದು. ಪಕ್ಕದ ಗೊಂಬೆ ಎತ್ತಿದೆ, ಅಲ್ಲೂ ಅದೇ ಗೆರೆ. ಅದರ ಪಕ್ಕದ್ದರಲ್ಲೂ! ಕೇಳಿದರೆ, "ಬಣ್ಣ ಹಚ್ಚಿದ್ದು ಕೈಯಲ್ಲೇ ತಾನೆ" ಎನ್ನುತ್ತಾರೆ. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೇ ಎಂದು ಮಾರುವುದನ್ನು ತಡೆಯಲು 1990ರಲ್ಲೇ ಇಲ್ಲಿ ಕಾನೂನು ಬಂದಿದೆ. ಈ ಚೀಟಿಯಲ್ಲಿ ಮಾಡಿದವರ ಹೆಸರೂ ಇಲ್ಲ, ಊರೂ ಇಲ್ಲ. ಸುಮ್ನೆ 'ಕೈಯಲ್ಲಿ ಮಾಡಿದ್ದು'.

ಜಗಲಿಯಲ್ಲಿ ಈ ಗೊಂಬೆ ಮಾರುತ್ತಿದ್ದ ಅಮ್ಮ ಹೇಳಿದ್ದು 600 ಡಾಲರ್. ಕೇಳಿದ ಕೂಡಲೇ ಜಾಸ್ತಿ ಅನ್ನಿಸಿತು. ಈಗ ಕಡಿಮೆಯೇ ಅನ್ನುತ್ತೇನೆ. ಮಣ್ಣು ಅಗೆದು ತರಬೇಕು, ಸೋಸಬೇಕು, ಒಂದೊಂದು ಮಗುವನ್ನೂ ಬೇರೆ ಮಾಡಿ ಅಂಟಿಸಬೇಕು. ಈ ಕಪ್ಪು ಗೆರೆ ಕಾಣ್ತಿದೆಯಲ್ಲ, ಅದು ಒಂದು ಕಾಡುಗಿಡವನ್ನು ಗಟ್ಟಿಯಾಗುವವರೆಗೆ ಕುದಿಸಿ ಮಾಡಿದ ಬಣ್ಣ. ಕೊನೆಗೆ ಬಯಲಲ್ಲಿ ಬೆಂಕಿ ಹಾಕಿ ಸುಡುತ್ತಾರೆ. ಒಂದು ಪುಟ್ಟ ಕೈಯಲ್ಲಿ ತೇವ ಉಳಿದಿದ್ದರೂ ಸಾಕು, ಗೊಂಬೆ ಸಿಡಿಯುತ್ತದೆ.

ಅಂದಹಾಗೆ, ಕೊಚಿಟಿಯೊಳಗೆ ಫೋಟೋ, ವಿಡಿಯೋ ನಿಷೇಧ. ಅದಕ್ಕೇ ಊರು ತೋರಿಸುತ್ತಿಲ್ಲ. ಒಳ್ಳೇ ನಿಯಮ.

ಇದು ವರ್ಜಿಲ್ ಓರ್ಟಿಜ್ ಅವರ ಕೆಲಸ, ಅವರೂ ಕೊಚಿಟಿಯವರೇ. ಜಾಸ್ತಿ ಫ್ಯಾಷನ್ ಆಯಿತು ಎಂದುಕೊಂಡೆ. ಆದರೆ 1800ರ ದಶಕದ ಕೊನೆಗೆ ರೈಲು ಬಂದಾಗ ಇದೇ ಊರಿನವರು ಪಾದ್ರಿ, ಕೌಬಾಯ್, ಸರ್ಕಸ್‌ನವರನ್ನೆಲ್ಲ ಮಣ್ಣಲ್ಲಿ ಅಣಕಿಸಿದ್ದರು. ಅದೇ ಧೈರ್ಯ ಇಲ್ಲೂ ಇದೆ. 1680ರಲ್ಲಿ ಇಲ್ಲಿನ ಪ್ಯೂಬ್ಲೋ ಜನ ಸ್ಪೇನಿನವರನ್ನು ಓಡಿಸಿದ ಕಥೆಯನ್ನು ಓರ್ಟಿಜ್ ತಮ್ಮ ಕೆಲಸದಲ್ಲಿ ಮುಂದಿನ ಕಾಲಕ್ಕೆ, 2180ನೇ ಇಸವಿಗೆ ಒಯ್ದಿದ್ದಾರೆ. ಈಗ ನನಗೆ ತುಂಬಾ ಇಷ್ಟ. ಇವರ ತಾಯಿ ಸೆಫೆರಿನಾ ಕೂಡ... ಅಯ್ಯೋ, ಬಸ್ ಬಂತು. ಜಿರಾರ್ಡ್ ಕೊಟ್ಟ ಸಂಗ್ರಹ ಇರುವ ಮ್ಯೂಸಿಯಂ ಗುಡ್ಡದ ಮೇಲಿದೆ, 5 ಗಂಟೆಗೆ ಮುಚ್ಚುತ್ತದೆ. ಬನ್ನಿ, ಬೇಗ!