ಮೊದಲು ಕತೆ, ಆಮೇಲೆ ಪುರಾಣ

ಕೇಳುಗರಿಗೆ ನಮಸ್ಕಾರ. ಮಕ್ಕಳ ಗ್ರಂಥಾಲಯದಲ್ಲಿ ಬಹುಕಾಲ ಕೆಲಸ ಮಾಡಿದವಳೆಂಬ ಕಾರಣಕ್ಕೆ, ರಜೆಯಲ್ಲಿ ಓದಬಹುದಾದ ಒಂದು ಸಾಹಸ ಕಾದಂಬರಿಯನ್ನು ಪರಿಚಯಿಸಲು ನನ್ನನ್ನು ಕರೆದಿದ್ದಾರೆ. ನಾನು ಆರಿಸಿಕೊಂಡಿರುವುದು ಅಮೆರಿಕದ ಲೇಖಕ ರಿಕ್ ರಿಯೋರ್ಡನ್ ಅವರ ‘ದಿ ಲೈಟ್ನಿಂಗ್ ಥೀಫ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು. ಇದು 2005ರಲ್ಲಿ ಪ್ರಕಟವಾಯಿತು. ಗ್ರೀಕ್ ಪುರಾಣ ಗೊತ್ತಿಲ್ಲವಲ್ಲ ಎಂದು ಹಿಂಜರಿಯದೆ ಮೊದಲು ಕತೆಯನ್ನು ಓದಿ ಎಂಬುದೊಂದೇ ನನ್ನ ಮಾತು.

ಕಥಾನಾಯಕ ಪರ್ಸಿ ಜಾಕ್ಸನ್ ನ್ಯೂಯಾರ್ಕಿನ 12 ವರ್ಷದ ಹುಡುಗ. ಪುಸ್ತಕ ತೆರೆದರೆ ಅಕ್ಷರಗಳು ಅವನ ಕಣ್ಣೆದುರು ಕುಣಿಯುತ್ತವೆ, ತರಗತಿಯಲ್ಲಿ ಒಂದೆಡೆ ಕೂರಲಾರ, ವರ್ಷಕ್ಕೊಂದು ಶಾಲೆಯಿಂದ ಹೊರಬೀಳುತ್ತಾನೆ. ಇಂಥವನಿಗೆ ತನ್ನ ತಂದೆ ಸಮುದ್ರದೇವನಾದ ಪೊಸೈಡನ್ ಎಂದು ತಿಳಿಯುವ ಹೊತ್ತಿಗೆ, ದೇವರಾಜ ಜೀಯಸ್‌ನ ಸಿಡಿಲಾಯುಧವನ್ನು ಕದ್ದ ಆರೋಪವೂ ಅವನ ತಲೆಗೆ ಬಂದಿರುತ್ತದೆ. ರಿಯೋರ್ಡನ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಇಂಥದೇ ತೊಡಕುಗಳಿದ್ದ ತಮ್ಮ ಮಗನಿಗೆ ರಾತ್ರಿ ಮಲಗುವಾಗ ಗ್ರೀಕ್ ಪುರಾಣದ ಕತೆಗಳನ್ನು ಹೇಳುತ್ತಿದ್ದು, ಅವೆಲ್ಲ ಮುಗಿದುಹೋದಾಗ ಹೊಸದಾಗಿ ಕಟ್ಟಿ ಹೇಳಿದ ಕತೆ ಇದು. ಅಕ್ಷರ ಕುಣಿಯುವುದು ಪರ್ಸಿಯ ಮನಸ್ಸು ಪ್ರಾಚೀನ ಗ್ರೀಕ್ ಭಾಷೆಗೆ ಒಗ್ಗಿರುವುದರಿಂದ, ಚಡಪಡಿಕೆ ಯುದ್ಧಭೂಮಿಯ ಎಚ್ಚರದಿಂದ ಎನ್ನುತ್ತದೆ ಕಾದಂಬರಿ. ಹಿಂದಿನ ಬೆಂಚಿನಲ್ಲಿ ಕುಳಿತು ದಿನವೂ ಬೈಸಿಕೊಳ್ಳುವ ಮಗು ಈ ಪುಟಗಳನ್ನು ಎರಡೆರಡು ಸಲ ಓದುವುದನ್ನು ನಾನು ಕಂಡಿದ್ದೇನೆ.

ಒಮ್ಮೆ ನಮ್ಮ ಗ್ರಂಥಾಲಯದಲ್ಲಿ ಇದರ ಒಂದು ಅಧ್ಯಾಯವನ್ನು ಕನ್ನಡದಲ್ಲಿ ಹೇಳುತ್ತ ಕುಳಿತಿದ್ದೆ. ನ್ಯೂಜೆರ್ಸಿಯ ಕಾಡುದಾರಿಯಲ್ಲಿ ಪರ್ಸಿ, ಅಥೀನಾ ದೇವಿಯ ಮಗಳು ಆನಬೆತ್ ಮತ್ತು ಆಡಿನ ಕಾಲಿನ ಗೆಳೆಯ ಗ್ರೋವರ್ ಹಸಿದು ನಡೆಯುತ್ತಿರುವಾಗ, ಕಲ್ಲಿನ ಬೊಂಬೆಗಳ ಅಂಗಡಿಯೊಂದರಿಂದ ಬರ್ಗರಿನ ಪರಿಮಳ ಬರುತ್ತದೆ. ಮುಸುಕು ಹಾಕಿದ ಹೆಂಗಸು ಕಾಸು ಕೇಳದೆ ಊಟಕ್ಕೆ ಕೂರಿಸುತ್ತಾಳೆ. ಅಷ್ಟರಲ್ಲಿ ಮಗನನ್ನು ಕರೆದೊಯ್ಯಲು ಬಂದಿದ್ದ ಒಬ್ಬ ತಂದೆ, ‘ಮೇಡಂ, ಅವಳು ಯಾರೆಂದು ಮೊದಲೇ ಹೇಳಿಬಿಡಿ, ಮಕ್ಕಳಿಗೆ ಜ್ಞಾನವಾದರೂ ಬರಲಿ’ ಎಂದರು. ದಯವಿಟ್ಟು ಸುಮ್ಮನೆ ಕೇಳಿ ಎಂದೆ, ಸ್ವಲ್ಪ ಗಟ್ಟಿಯಾಗಿಯೇ. ಬೊಂಬೆಗಳಲ್ಲೊಂದು ತನ್ನ ಮಾವನಂತಿದೆಯೆಂದು ಗ್ರೋವರ್ ಹೇಳುವಲ್ಲಿಗೆ ಬಂದಾಗ ಒಬ್ಬ ಹುಡುಗಿ, ‘ಅಲ್ಲಿ ಯಾವ ಬೊಂಬೆಯೂ ಯಾಕೆ ನಗುತ್ತಿಲ್ಲ?’ ಎಂದು ಕೇಳಿದಳು. ಅವಳ ಪಕ್ಕದವನು ‘ಏಳ್ರೋ, ತಿನ್ನಬೇಡಿ!’ ಎಂದು ಕೂಗಿಯೇಬಿಟ್ಟ. ಹೆಂಗಸು ಮುಸುಕು ತೆಗೆಯುತ್ತಾಳೆ. ಅವಳ ಮುಖ ನೋಡಿದವರು ಕಲ್ಲಾಗುತ್ತಾರೆ. ಪರ್ಸಿ ಹಸಿರು ಗಾಜಿನ ಗೋಳದಲ್ಲಿ ಅವಳ ಪ್ರತಿಬಿಂಬವನ್ನಷ್ಟೇ ನೋಡುತ್ತ ಕತ್ತಿ ಬೀಸುತ್ತಾನೆ. ಕತೆ ಮುಗಿದ ಮೇಲೆ ಮಕ್ಕಳೇ ಹಳೆಯ ಕತೆ ಬೇಕೆಂದು ಹಟ ಹಿಡಿದರು. ಪರ್ಸಿಯಸ್ ಎಂಬ ವೀರ ಹೊಳೆಯುವ ಗುರಾಣಿಯಲ್ಲಿ ಬಿಂಬ ನೋಡಿಕೊಂಡು ಮೆಡುಸಾಳ ತಲೆ ಕಡಿದದ್ದನ್ನು ಹೇಳಿದಾಗ, ‘ಓಹೋ, ಗಾಜಿನ ಗೋಳ ಅಲ್ಲಿಂದ ಬಂದದ್ದು!’ ಎಂದವನು ಅದೇ ತಂದೆಯ ಮಗ. ತಂದೆಯವರೂ ಬೈಕಿನ ಕೀಲಿ ಹಿಡಿದುಕೊಂಡೇ ಕೊನೆಯವರೆಗೆ ನಿಂತಿದ್ದರು.

ಪುರಾಣವನ್ನು ಮೊದಲೇ ಪಾಠ ಮಾಡಿದ್ದರೆ ಆ ‘ಓಹೋ’ ಬರುತ್ತಿರಲಿಲ್ಲ. ಪ್ರಸಂಗದ ಕೊನೆ ಗೊತ್ತಿದ್ದೂ ರಾತ್ರಿಯಿಡೀ ಯಕ್ಷಗಾನ ನೋಡುವ ಸುಖ ಬೇರೆ, ಅದು ಬಲ್ಲವರದು. ಮಕ್ಕಳಿಗೆ ಮೊದಲು ಕತೆ.

ಸಮಯ ಹೆಚ್ಚು ಉಳಿದಿಲ್ಲ, ಉಳಿದದ್ದನ್ನು ಬೇಗ ಹೇಳುತ್ತೇನೆ. ದೇವತೆಗಳ ನೆಲೆಯಾದ ಒಲಿಂಪಸ್ ಇಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 600ನೆಯ ಮಹಡಿ. ನಿಜವಾದ ಕಟ್ಟಡಕ್ಕಿರುವುದು 102. ಯುದ್ಧದೇವ ಏರೀಸ್ ಮೋಟಾರ್‌ಸೈಕಲ್ಲಿನಲ್ಲಿ ಬರುತ್ತಾನೆ, ಪಾತಾಳದ ಬಾಗಿಲು ಲಾಸ್ ಏಂಜಲೀಸಿನ ಒಂದು ಧ್ವನಿಮುದ್ರಣ ಸ್ಟುಡಿಯೋದಲ್ಲಿದೆ. ಪ್ರಾಚೀನ ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ ಕಾವ್ಯದಲ್ಲಿ ತಾವರೆ ತಿಂದು ಮನೆ ಮರೆಯುವವರು ಇಲ್ಲಿ ಲಾಸ್ ವೇಗಸ್‌ನ ಆಟದ ಮನೆಯಲ್ಲಿ ದಿನ ಕಳೆದದ್ದೇ ತಿಳಿಯದೆ ಆಡುತ್ತಾರೆ. ಆ ಭಾಗವನ್ನು ಮೊಬೈಲ್ ಬಿಡದ ದೊಡ್ಡವರೂ ಓದಬಹುದು. ಸಿಡಿಲು ಕದ್ದವರು ಯಾರೆಂದು ಮಾತ್ರ ಹೇಳಲಾರೆ.

ಈ ಪುಸ್ತಕದಿಂದ ಶುರುವಾದ ಸರಣಿಯ ಮೊದಲ ಐದು ಕಾದಂಬರಿಗಳು 2009ರ ವೇಳೆಗೆ ಬಂದವು. ಸಿಕ್ಕಿದ್ದನ್ನು ಎತ್ತಿಕೊಳ್ಳದೆ ಮೊದಲನೆಯದರಿಂದಲೇ ತೊಡಗಿ. 2010ರ ಸಿನಿಮಾದಲ್ಲಿ 12ರ ಹುಡುಗನನ್ನು ಹದಿಹರೆಯದವನನ್ನಾಗಿ ಮಾಡಿದ್ದಾರೆ. ಅದನ್ನು ನೋಡುವುದಿದ್ದರೆ ಪುಸ್ತಕ ಮುಗಿದ ಮೇಲೆ ನೋಡಿ. ನಮಸ್ಕಾರ.