ಸ್ವಾಮಿ ಹೀರೋನಾ ಅಂತ ಕೇಳಿದ್ರೆ ಗೈಡ್ ಯಾಕ್ರೀ ಉತ್ತರ ಹೇಳ್ಬೇಕು?

ನಮಸ್ಕಾರ ಎಲ್ರಿಗೂ. ಇವತ್ತು ಇಂಗ್ಲಿಷ್ ಹೋಮ್‌ವರ್ಕ್ ವಿಷ್ಯ. ಅದ್ರಲ್ಲೂ ಕನ್ನಡ ಮೀಡಿಯಂ ಎಸ್ಸೆಸ್ಸೆಲ್ಸಿ ಮಕ್ಕಳು ಸೆಕೆಂಡ್ ಲ್ಯಾಂಗ್ವೇಜ್ ಇಂಗ್ಲಿಷ್‌ಗೆ ಬರಿಯೋ ಉತ್ತರಗಳು. ನಾನು ಸಂಜೆ ಮನೇಲಿ ಟ್ಯೂಷನ್ ಹೇಳ್ಕೊಡ್ತೀನಿ, ಹಂಗಾಗಿ ನೋಟ್‌ಬುಕ್‌ಗಳು ದಿನಾ ಕಣ್ಣಿಗೆ ಬೀಳ್ತವೆ, ಸ್ಕೂಲ್ ಬೇರೆ, ಮಕ್ಕಳು ಬೇರೆ, ಮೇಡಂ ಬೇರೆ, ಆದ್ರೆ ಉತ್ತರ ಮಾತ್ರ ಕಾಮಾ ಫುಲ್‌ಸ್ಟಾಪ್ ಸಮೇತ ಒಂದೇ.

ಮೊದಲ್ನೇ ಪಾಠ ಗೊತ್ತಲ್ವಾ, ಆರ್.ಕೆ. ನಾರಾಯಣ್ ಅವರ 'ಎ ಹೀರೋ'. ಯಾವ್ದೋ ಹಳ್ಳಿ ಹುಡ್ಗ ಹುಲಿ ಜೊತೆ ಹೊಡೆದಾಡಿದ ಅಂತ ಸ್ವಾಮಿ ಅನ್ನೋ ಹುಡ್ಗನ ಅಪ್ಪ ಪೇಪರ್‌ನಲ್ಲಿ ಓದ್ತಾರೆ, ಸ್ವಾಮಿ ನಂಬಲ್ಲ, ಅದಕ್ಕೆ ಅಪ್ಪ ವಯಸ್ಸು ಶಕ್ತಿ ಎಲ್ಲಾ ಮುಖ್ಯ ಅಲ್ಲ ಕಣೋ ಧೈರ್ಯ ಮುಖ್ಯ, ಬೇಕಾದ್ರೆ ಇವತ್ತು ರಾತ್ರಿ ನನ್ನ ಆಫೀಸ್ ರೂಮಲ್ಲಿ ಒಬ್ಬನೇ ಮಲ್ಕೋ ನೋಡೋಣ ಅಂತಾರೆ. ದಿನಾ ಅಜ್ಜಿ ಪಕ್ಕ ಮಲಗೋ ಹುಡ್ಗ ಪಾಪ. ಬೆಂಚಿನ ಕೆಳಗೆ ಮುದುರ್ಕೊಂಡಿರ್ತಾನೆ, ಕತ್ತಲಲ್ಲಿ ಏನೋ ಹತ್ರ ಬರತ್ತೆ, ದೆವ್ವಾನೇ ಅನ್ಕೊಂಡು ತಬ್ಬಿ ಹಿಡ್ದು ಕಚ್ತಾನೆ, ನೋಡಿದ್ರೆ ಕಳ್ಳ.

ಇದಕ್ಕೆ ಹೋಮ್‌ವರ್ಕ್ ಪ್ರಶ್ನೆ, ಅಪ್ಪ ಹೇಳಿದ್ದನ್ನ ನೀವು ಒಪ್ತೀರಾ, ನಿಮ್ಮ ಅಭಿಪ್ರಾಯ ಬರೀರಿ. ನಿಮ್ಮ ಅಭಿಪ್ರಾಯ! ಎಲ್ಲಾ ಮಕ್ಕಳೂ 'ಯೆಸ್, ಐ ಅಗ್ರೀ ವಿತ್ ಫಾದರ್, ಕರೇಜ್ ಈಸ್ ಎವ್ರಿಥಿಂಗ್' ಅಂತ ಶುರು ಮಾಡ್ತಾರೆ. ಮುಂಚೆ ಇದು ಗೈಡ್‌ನಿಂದ ಬರ್ತಿತ್ತು, ಆಮೇಲೆ ವಾಟ್ಸಾಪ್ ಪಿಡಿಎಫ್ ಬಂತು, ಈಗ ಮೊಬೈಲಲ್ಲಿ ಪ್ರಶ್ನೆದು ಫೋಟೋ ಹೊಡೆದ್ರೆ ಎಐ ಬರೆದು ಕೊಡತ್ತೆ. 'ಸ್ವಾಮಿ ಎಂಬಾಡೀಸ್' ಅಂತ ಬರ್ಕೊಂಡು ಬಂದಿದ್ದ ಒಬ್ಬ ಹುಡ್ಗನ್ನ ಓದಪ್ಪಾ ಅಂದೆ, ಎಂಬ್... ಎಂಬ್... ಅಂತ ಅಲ್ಲೇ ನಿಂತ.

ಆದ್ರೆ ಒಂದು ಹುಡ್ಗಿ ನೋಟ್‌ಬುಕ್ ಬಗ್ಗೆ ಹೇಳ್ಲೇಬೇಕು. ಅವಳು ಬರ್ದಿದ್ದು ಇಷ್ಟು: 'ನೋ. ಫಾದರ್ ಆಲ್ಸೋ ಫಿಯರ್. ಹೀ ಕಮ್ ವಿತ್ ಕುಕ್ ಅಂಡ್ ಸರ್ವೆಂಟ್ ಅಂಡ್ ಲೈಟ್. ಸ್ವಾಮಿ ಓನ್ಲಿ ಒನ್.' ಅಷ್ಟೇ. ಕೆಳಗಡೆ ಕೆಂಪು ಇಂಕಲ್ಲಿ 'ಕಮ್' ಹೊಡೆದು 'ಕೇಮ್' ಅಂತ ತಿದ್ದಿ, ಎರಡಕ್ಕೆ ಅರ್ಧ ಮಾರ್ಕ್ಸ್.

ನಾನು ಪಾಠ ತೆಗೆದು ನೋಡಿದೆ ಕಣ್ರೀ. ಹೌದು, ಕಳ್ಳ ಕಿರುಚಿದ ಮೇಲೆ ಅಪ್ಪ ಒಬ್ರೇ ಬರಲ್ಲ, ಅಡುಗೆಯವನು, ಆಳು, ಕೈಯಲ್ಲಿ ದೀಪ, ಮೂರೂ ಜನ ಸೇರಿ ಕಳ್ಳನ ಮೇಲೆ ಬೀಳ್ತಾರೆ, ಅದೂ ಕಾಲಿಗೆ ಕಚ್ಚಿಸ್ಕೊಂಡು ರಕ್ತ ಸುರಿಸ್ಕೊಂಡು ಬಿದ್ದಿರೋ ಕಳ್ಳ! ಧೈರ್ಯದ ಬಗ್ಗೆ ಮಗನಿಗೆ ಭಾಷಣ ಮಾಡಿದ ಮನುಷ್ಯ ಇವ್ರೇ. ಇಷ್ಟು ವರ್ಷ ಈ ಪಾಠ ಮಾಡ್ತಿದೀನಿ, ಯಾವ ಗೈಡಲ್ಲೂ ಈ ಪಾಯಿಂಟ್ ನೋಡಿಲ್ಲ. ಕಥೆಯಲ್ಲಿರೋ ನಗು ಇರೋದೇ ಅಲ್ಲಿ. ಹದಿನೈದು ವರ್ಷದ ಹುಡ್ಗಿ ಅದನ್ನ ಹಿಡಿದಿದಾಳೆ, ನಮಗೆ ಕಂಡಿದ್ದು 'ಕಮ್' ಮಾತ್ರ.

ಅಂದ್ರೆ ಗ್ರಾಮರ್ ಬೇಡ್ವಾ ಅಂತ ಕೇಳ್ತೀರಾ, ಬೇಕು, ತಿದ್ದಲೇಬೇಕು, 'ಹೀ ಕಮ್' ಅಂತ ಬರೆದು ಅವಳು ನಾಳೆ ಕೆಲಸದ ಇಂಟರ್‌ವ್ಯೂಗೆ ಹೋಗಕ್ಕಾಗಲ್ಲ. ಆದ್ರೆ ತಿದ್ದೋದು ಬೇರೆ, ಮಾರ್ಕ್ಸ್ ಕಿತ್ಕೊಳ್ಳೋದು ಬೇರೆ. ಯೋಚ್ನೆ ಮಾಡಿದವಳಿಗೆ ಅರ್ಧ, ಕಾಪಿ ಹೊಡೆದವನಿಗೆ ಎರಡಕ್ಕೆ ಎರಡು ಅಂದ್ರೆ ಮುಂದಿನ ಸಲ ಆ ಹುಡ್ಗಿ ಏನ್ ಮಾಡ್ತಾಳೆ ಹೇಳಿ? ಮಾಡಿದ್ಲು ಕೂಡ, ಮುಂದಿನ ಪಾಠಕ್ಕೆ ನೀಟಾಗಿ ಗೈಡ್ ಇಳಿಸ್ಕೊಂಡು ಬಂದ್ಲು.

ಮೇಷ್ಟ್ರುಗಳನ್ನ ಬೈಯೋದು ಸುಲಭ. ಒಂದೊಂದು ಸೆಕ್ಷನ್‌ನಲ್ಲಿ ಅಷ್ಟೊಂದು ಮಕ್ಕಳು, ಮೇಲಿಂದ ರಿಸಲ್ಟ್ ರಿಸಲ್ಟ್ ಅಂತ ಒತ್ತಡ, ಪಾಸಿಂಗ್ ಪ್ಯಾಕೇಜ್ ಅಂತ ಪಾಸಾಗೋಕೆ ಬೇಕಾದಷ್ಟರದ್ದೇ ಪಟ್ಟಿ ಬೇರೆ ಮಾಡಿ ಪದ್ಯ ಬಾಯಿಪಾಠ, ಲೆಟರ್ ಬಾಯಿಪಾಠ, ಪ್ರೊಫೈಲ್ ಬಾಯಿಪಾಠ. ಅವರೂ ಏನ್ ಮಾಡ್ತಾರೆ. ಆದ್ರೆ ನನ್ನ ವಾದ ಇಷ್ಟೇ, ಬೋರ್ಡ್ ಎಕ್ಸಾಮ್ ಇರೋದು 80ಕ್ಕೆ, ಉಳಿದ 20 ಇಂಟರ್ನಲ್ಸ್ ಸ್ಕೂಲ್ ಕೈಯಲ್ಲೇ ಇದೆ. ಆ 20ರಲ್ಲಾದ್ರೂ ಸ್ವಂತ ಮಾತಿಗೆ ಬೆಲೆ ಕೊಡಿ. ಮೊದ್ಲು ಕನ್ನಡದಲ್ಲೇ ಹೇಳ್ಲಿ ಮಗು, ಸ್ವಾಮಿ ಹೀರೋನಾ ಅಲ್ವಾ, ಯಾಕೆ, ಆಮೇಲೆ ಅದನ್ನೇ ಮೂರು ಲೈನ್ ಇಂಗ್ಲಿಷ್‌ನಲ್ಲಿ ಬರೀಲಿ, ತಪ್ಪಾದ್ರೂ ಪರ್ವಾಗಿಲ್ಲ. ಇದರ ಉತ್ತರ ಎಐ ಹತ್ರ ಕೇಳೋಕೆ ಮಗುಗೂ ಮನಸ್ಸಾಗಲ್ಲ, ಯಾಕಂದ್ರೆ ಆಗ್ಲೇ ಬಾಯಲ್ಲಿ ಹೇಳಿಬಿಟ್ಟಿರತ್ತಲ್ಲ.

ಅಂದಹಾಗೆ, ಈ ಕಥೆ ಬರೆದ ನಾರಾಯಣ್ ಇದಾರಲ್ಲ, ಅವರೇ ಯೂನಿವರ್ಸಿಟಿ ಎಂಟ್ರೆನ್ಸ್ ಎಕ್ಸಾಮಲ್ಲಿ ಇಂಗ್ಲಿಷ್‌ನಲ್ಲೇ ಫೇಲ್ ಆಗಿದ್ರು. ಅಪ್ಪ ಮೈಸೂರಲ್ಲಿ ಹೆಡ್‌ಮಾಸ್ಟರ್ ಬೇರೆ! 1935ಕ್ಕೆ ಅವರ ಮೊದಲ ಕಾದಂಬರಿ ಇಂಗ್ಲೆಂಡ್‌ನಲ್ಲಿ ಪ್ರಿಂಟ್ ಆಯ್ತು, ಅದ್ರ ಹೀರೋ ಹೆಸರೂ ಸ್ವಾಮೀನೇ. ಅವತ್ತು ಅವರ ಪೇಪರ್ ತಿದ್ದಿದ ಪುಣ್ಯಾತ್ಮ ಯಾರೋ ಏನೋ.

ಈಗ ನನ್ನ ಟ್ಯೂಷನ್‌ನಲ್ಲಿ ಗೈಡ್ ಬಂದ್ ಮಾಡಿದೀನಿ. ಮೊದ್ಮೊದ್ಲು ಮಕ್ಕಳು ಸುಮ್ನೆ ನನ್ನ ಮುಖ ನೋಡ್ತಿದ್ರು, ಈಗ ಜಗಳ ಆಡ್ತಾರೆ. ಒಬ್ಬ, ಮಿಸ್, ಸ್ವಾಮಿ ಹೆದ್ರಿಕೆಗೆ ಕಚ್ಚಿದ್ದು, ಅದಕ್ಕೆಲ್ಲಾ ಹೀರೋ ಅಂತಾರಾ ಅಂತಾನೆ. ಇನ್ನೊಬ್ಳು, ಹೆದ್ರಿಕೆ ಇಲ್ದೆ ಯಾರಾದ್ರೂ ಕಚ್ತಾರಾ ಅಂತ ಅವನ ಮೇಲೇ ಎಗರ್ತಾಳೆ. ಮೊನ್ನೆ ಒಬ್ಬ ಹುಡ್ಗನ ಅಪ್ಪ ಬಂದು, ಮೇಡಂ ನೋಟ್ಸ್ ಯಾವಾಗ ಕೊಡ್ತೀರಾ ಅಂದ್ರು. ಕೊಡಲ್ಲ ಸರ್ ಅಂದೆ. ಈ ತಿಂಗಳ ಫೀಸ್ ಟೇಬಲ್ ಮೇಲಿಟ್ಟು ಮಗನ್ನ ಕರ್ಕೊಂಡು ಹೋದ್ರು. ಹುಡ್ಗ ಗೇಟ್ ತನಕ ಹೋಗಿ ವಾಪಸ್ ಓಡಿ ಬಂದು, ಮಿಸ್, ನಾಳೆ ಯಾವ ಪಾಠ ಅಂತ ಕೇಳ್ದ. 'ಗ್ರ್ಯಾಂಡ್ಮಾ ಕ್ಲೈಂಬ್ಸ್ ಎ ಟ್ರೀ' ಪದ್ಯ ಕಣೋ, ಓದ್ಕೊಂಡಿರು ಅಂದೆ.